ಜನವಿಲ್ಲದೆ ಓಡಿದ ಗಾಡಿ

ನಮ್ಮ ಬೋರಗಾಂವದಲ್ಲಿ ರೈಲಿನ ಸಿಳ್ಳು ಕೇಳಿಬರುವುದಿಲ್ಲ. ಬೆಳಗಾವಿ ಜಿಲ್ಲೆಯ ಅಂಚಿನಲ್ಲಿ, ನಿಪ್ಪಾಣಿ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಮೈಯೊಡ್ಡಿಕೊಂಡಿರುವ ಈ ಊರಿನವರು ರೈಲು ಹತ್ತಬೇಕೆಂದರೆ ಒಂದೋ ಗಡಿ ದಾಟಿ ಜಯಸಿಂಗಪುರ, ಮೀರಜಗಳಿಗೆ ಹೋಗಬೇಕು. ಇಲ್ಲವೆ ಚಿಕ್ಕೋಡಿಯ ಆಚೆಗೆ ರಾಯಬಾಗ, ಕುಡಚಿಗಳತ್ತ ಮುಖ ಮಾಡಬೇಕು. ಕಬ್ಬಿನ ಗಾಡಿ, ತಂಬಾಕಿನ ಗಾಡಿ, ಇಚಲಕರಂಜಿಯ ಮಗ್ಗಗಳಿಗೆ ದುಡಿಯಲು ಹೋಗುವವರ ಬಸ್ಸು, ಇವೇ ನಮ್ಮ ವಾಹನಗಳು. ಇಂಥ ಊರಿನ ನಾವು ಕಳೆದ 2025ರ ಜೂನ್ ತಿಂಗಳಲ್ಲಿ ಹನ್ನೆರಡು ದಿನಗಳ ಕಾಲ ಬೆಂಗಳೂರಿನ ಒಂದು ಮಾಳಿಗೆಯ ಮೇಲೆ ಕುಳಿತು, ಒಬ್ಬನೇ ಒಬ್ಬ ಪ್ರಯಾಣಿಕನೂ ಇಲ್ಲದ ರೈಲು ಹಗಲಿರುಳು ಓಡಾಡುವುದನ್ನು ನೋಡಿದೆವು. ಆ ನೋಟವನ್ನೂ ಅದರಿಂದ ನಮ್ಮ ಮನೆಯಲ್ಲಿ ಎದ್ದ ವಾದವನ್ನೂ ಓದುಗ ಬಂಧುಗಳ ಮುಂದೆ ಇಡುವುದು ಈ ಬರಹದ ಉದ್ದೇಶ.

ಅದಕ್ಕೆ ಮೊದಲು ನಮ್ಮ ತಾಯಿಯವರ ವಿಷಯ ಹೇಳಬೇಕು. ಅವರ ತವರುಮನೆ ಕೃಷ್ಣಾ ತೀರದ ಉಗಾರ ಖುರ್ದ. ಮೀರಜದಿಂದ ಹುಬ್ಬಳ್ಳಿಯತ್ತ ಹೋಗುವ ರೈಲುಹಾದಿ ಅಲ್ಲಿಂದ ಹೊಳೆ ದಾಟಿ ಕುಡಚಿಗೆ ಹೋಗುತ್ತದೆ. ಆಗ ಅದು ಒಂದು ಮೀಟರ್ ಅಗಲದ ಸಣ್ಣ ಹಳಿ. ಅರ್ಧ ಶತಮಾನದ ಹಿಂದೆ, ತಾಯಿಯವರ ತಮ್ಮ ಒಂದು ನಿಲ್ದಾಣದಲ್ಲಿ ಹೊರಡುತ್ತಿದ್ದ ಗಾಡಿಯನ್ನು ಓಡಿಹೋಗಿ ಹತ್ತಲು ಯತ್ನಿಸಿ, ಪಾವಟಿಗೆಗೂ ಕಟ್ಟೆಗೂ ನಡುವಿನ ಸಂದಿನಲ್ಲಿ ಬಿದ್ದು ಬಲಗಾಲನ್ನು ಕಳೆದುಕೊಂಡರು. ಜೀವ ಉಳಿಯಿತು, ಆದರೆ ಒಕ್ಕಲುತನ ಹೋಯಿತು. ಅಂದಿನಿಂದ ತಾಯಿಯವರು ರೈಲು ಹತ್ತಿದವರಲ್ಲ. 1990ರ ದಶಕದಲ್ಲಿ ಆ ಸಣ್ಣ ಹಳಿಯನ್ನು ಕಿತ್ತು 1676 ಮಿಲಿಮೀಟರ್ ಅಗಲದ ದೊಡ್ಡ ಹಳಿಯನ್ನು ಹಾಕಿದಾಗ, ಮೊದಲ ಬಾರಿಗೆ ಬಂದ ಎಂಜಿನನ್ನು ನೋಡಲು ಉಗಾರದ ಜನ ಏರಿಯ ಮೇಲೆ ನೆರೆದಿದ್ದರು. ಬೋಗಿಗಳಿಲ್ಲದ ಒಂಟಿ ಎಂಜಿನು ನಡೆಯುವ ಮನುಷ್ಯನಷ್ಟೇ ಮೆಲ್ಲಗೆ ಬಂತು. ನಾವೂ ಆ ಗುಂಪಿನಲ್ಲಿದ್ದೆವು. ತಾಯಿಯವರು ಮಾತ್ರ ಮನೆಯ ಹೊಸ್ತಿಲು ದಾಟಲಿಲ್ಲ.

ಆದುದರಿಂದ ಈ ಸಲವೂ ನಾವು ನಿಪ್ಪಾಣಿಯಲ್ಲಿ ರಾತ್ರಿಯ ಬಸ್ಸು ಹಿಡಿದೆವು. ನಮ್ಮ ಮಗ ಬೆಂಗಳೂರಿನ ರಾಗಿಗುಡ್ಡದ ಸಮೀಪ ನಾಲ್ಕನೆಯ ಅಂತಸ್ತಿನ ಬಾಡಿಗೆ ಮನೆಯಲ್ಲಿದ್ದಾನೆ. ಅವನ ಉದ್ಯೋಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ದೂರ ಹೆಚ್ಚೇನಲ್ಲ. ಆದರೆ ನಡುವೆ ಸಿಲ್ಕ್ ಬೋರ್ಡ್ ಎಂಬ ಕೂಡುರಸ್ತೆಯಿದೆ. ಆ ಹೆಸರನ್ನು ಬೆಂಗಳೂರಿನವರು ಉಚ್ಚರಿಸುವಾಗಲೇ ನಿಟ್ಟುಸಿರು ಬಿಡುತ್ತಾರೆ. ಮಗ ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಮರಳುವುದು ರಾತ್ರಿ ಒಂಬತ್ತಕ್ಕೆ. ಎರಡು ವರ್ಷದ ಮೊಮ್ಮಗಳು ತಂದೆಯನ್ನು ಎಚ್ಚರದಲ್ಲಿ ಕಾಣುವುದು ರವಿವಾರ ಮಾತ್ರ ಎಂದು ಸೊಸೆ ನಗುತ್ತ ಹೇಳಿದರೂ ಆ ನಗೆಯಲ್ಲಿ ಸಂತೋಷವಿರಲಿಲ್ಲ.

ಆ ಮನೆಯ ಮಾಳಿಗೆಯಿಂದ ಕಾಣುವುದೇ ಹೊಸ ಹಳದಿ ಮಾರ್ಗ. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರ್ ಉದ್ದ, 16 ನಿಲ್ದಾಣಗಳು; ಎಲ್ಲವೂ ನೆಲದಿಂದ ಎತ್ತರದಲ್ಲಿ ಕಂಬಗಳ ಮೇಲೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 3.3 ಕಿಲೋಮೀಟರ್ ದೂರ ಒಂದೇ ಕಂಬಸಾಲಿನ ಮೇಲೆ ಎರಡು ಅಂತಸ್ತು ಕಟ್ಟಿದ್ದಾರೆ: ಕೆಳಗೆ ಮೋಟಾರುಗಳ ಮೇಲುರಸ್ತೆ, ಅದರ ನೆತ್ತಿಯ ಮೇಲೆ ರೈಲಿನ ಹಳಿ. ಇಲ್ಲಿಯ ಹಳಿ ನಮ್ಮ ಕಡೆಯ ಹಳಿಗಿಂತ ಕಿರಿದು. ಅಗಲ 1435 ಮಿಲಿಮೀಟರ್. ಮೇಲೆ ತಂತಿಯೂ ಇಲ್ಲ. ಓಡುವ ಎರಡು ಹಳಿಗಳ ಪಕ್ಕದಲ್ಲಿ ಮೂರನೆಯದೊಂದು ಹಳಿ ಇದ್ದು, ಅದರಲ್ಲಿ 750 ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಗಾಡಿ ಅದನ್ನು ಪಕ್ಕದಿಂದಲೇ ಪಡೆದುಕೊಳ್ಳುತ್ತದೆ.

ಮೊದಲನೆಯ ದಿನ ಸಂಜೆ ತಾಯಿಯವರು ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಕುಳಿತಿದ್ದಾಗ ಆರು ಬೋಗಿಗಳ ಗಾಡಿಯೊಂದು ಬಂತು. ಒಳಗೆಲ್ಲ ದೀಪಗಳು ಉರಿಯುತ್ತಿದ್ದವು. ಆಸನಗಳು ಬರಿದಾಗಿದ್ದವು, ನೇತಾಡುವ ಹಿಡಿಕೆಗಳು ಒಂದೇ ಲಯದಲ್ಲಿ ತೂಗುತ್ತಿದ್ದವು.

“ಯಾಕೋ ತಮ್ಮಾ, ಇಷ್ಟ ಚೆಂದನ ಗಾಡ್ಯಾಗ ಒಂದು ನರಪಿಳ್ಳೀನೂ ಇಲ್ಲಲ್ಲ?” ಎಂದು ಕೇಳಿದರು.

“ಇನ್ನೂ ಪರೀಕ್ಷೆ ನಡೆದೈತಿ, ಅವ್ವಾ,” ಎಂದೆವು.

“ಯಾರ ಪರೀಕ್ಷೆ? ಗಾಡೀದೋ, ಜನರದೋ?”

ಮಗ ಅಲ್ಲಿಯೇ ಇದ್ದ. ಅವನಿಗೆ ಈ ಪ್ರಶ್ನೆ ಕಿಡಿ ತಾಗಿದಂತಾಯಿತು. “ಜನರದೇ, ಅಜ್ಜಿ. ನಮ್ಮ ತಾಳ್ಮೆಯ ಪರೀಕ್ಷೆ,” ಎಂದ.

ಅವನ ಸಿಟ್ಟಿಗೆ ಕಾರಣವಿತ್ತು. ಬೆಂಗಳೂರು ಮೆಟ್ರೊದ ಎರಡನೆಯ ಹಂತಕ್ಕೆ ಕೇಂದ್ರ ಸರಕಾರದ ಒಪ್ಪಿಗೆ ದೊರೆತದ್ದು 2014ರಲ್ಲಿ. ಈ ಮಾರ್ಗ 2021ರ ಹೊತ್ತಿಗೆ ತೆರೆಯುವುದೆಂಬ ಮಾತಿತ್ತು. ಕಂಬ ನಿಂತವು, ಹಳಿ ಬಿದ್ದವು, ನಿಲ್ದಾಣಗಳಿಗೆ ಬಣ್ಣ ಬಂತು. ಓಡಲು ಗಾಡಿಗಳೇ ಇರಲಿಲ್ಲ. 216 ಬೋಗಿಗಳ ಗುತ್ತಿಗೆಯನ್ನು 2019ರಲ್ಲಿ ಚೀನದ ಸಿ.ಆರ್.ಆರ್.ಸಿ. ಸಂಸ್ಥೆಗೆ ಕೊಡಲಾಗಿತ್ತು. ಬಹುಪಾಲು ಬೋಗಿಗಳು ನಮ್ಮ ದೇಶದಲ್ಲಿಯೇ ತಯಾರಾಗಬೇಕೆಂಬ ಕರಾರಿಗೆ ತಕ್ಕ ಕಾರ್ಖಾನೆ ಒದಗುವುದು ತಡವಾಯಿತು. ನಡುವೆ 2020ರ ಮಹಾಮಾರಿಯೂ ಬಂತು. ಕೊನೆಗೆ ಪಶ್ಚಿಮ ಬಂಗಾಲದ ಟೀಟಾಗಢ ಸಂಸ್ಥೆ ಆ ಕೆಲಸಕ್ಕೆ ಜೊತೆಯಾಯಿತು. ಚೀನದಲ್ಲಿ ಸಿದ್ಧವಾದ ಮೊದಲ ಗಾಡಿ ಚೆನ್ನೈ ಬಂದರಿನ ಮೂಲಕ ಹೆಬ್ಬಗೋಡಿಯ ಡಿಪೋಗೆ ಬಂದದ್ದು 2024ರ ಫೆಬ್ರುವರಿಯಲ್ಲಿ. ಟೀಟಾಗಢದಲ್ಲಿ ತಯಾರಾದ ಮೊದಲ ಗಾಡಿ ಕಾರ್ಖಾನೆಯಿಂದ ಹೊರಟದ್ದು 2025ರ ಜನವರಿಯಲ್ಲಿ. “ಗಾಡಿ ಬರುವವರೆಗೆ ಕಾದೆವು. ಈಗ ಕಣ್ಣೆದುರಿಗೇ ಖಾಲಿ ಓಡುತ್ತಿದೆ, ಇನ್ನೂ ಕಾಯಿರಿ ಎನ್ನುತ್ತಾರೆ. ಹತ್ತಿಸಿಕೊಂಡರೆ ಇವರ ಗಂಟೇನು ಹೋಗುತ್ತದೆ?” ಎಂಬುದು ಅವನ ವಾದ. ನಗರದಲ್ಲಿ ಅನೇಕರು ಹಾಗೆಯೇ ಕೇಳುತ್ತಿದ್ದರು.

ಅವನ ಮಾತಿಗೆ ಉತ್ತರ ಕೊಡುವಷ್ಟು ತಿಳಿವಳಿಕೆ ನಮಗೆ ಇರಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಪರೀಕ್ಷಿಸಿದ ನಾವು ಗಾಡಿಯ ಪರೀಕ್ಷೆಯನ್ನು ಎಂದೂ ಕಂಡವರಲ್ಲ. ಆದುದರಿಂದ ದಿನವೂ ಮಾಳಿಗೆಗೆ ಹೋಗಿ ನೋಡತೊಡಗಿದೆವು. ಎರಡು ಮೂರು ದಿನಗಳಲ್ಲಿ ನಮ್ಮ ಕಣ್ಣು ಪಳಗಿತು. ಗಾಡಿ ಸುಮ್ಮನೆ ಓಡಾಡುತ್ತಿರಲಿಲ್ಲ. ಒಮ್ಮೆ ನಿಲ್ದಾಣಕ್ಕೆ ಬಂದು ನಿಂತು, ಬಾಗಿಲು ತೆರೆದು, ಯಾರೂ ಹತ್ತದಿದ್ದರೂ ತಾಳ್ಮೆಯಿಂದ ಕಾದು, ಬಾಗಿಲು ಮುಚ್ಚಿ ಹೊರಡುವುದು. ಇನ್ನೊಮ್ಮೆ ವೇಗವಾಗಿ ಬರುತ್ತಿದ್ದುದು ಎರಡು ನಿಲ್ದಾಣಗಳ ನಡುವೆ ಗಕ್ಕನೆ ನಿಂತುಬಿಡುವುದು. ಮತ್ತೊಮ್ಮೆ ಆಮೆಯಂತೆ ತೆವಳಿ ಹೋಗುವುದು. ರಾತ್ರಿ ಊರೆಲ್ಲ ಮಲಗಿದ ಮೇಲೆಯೂ ಆ ದೀಪದ ಸಾಲು ಹಾದುಹೋಗುತ್ತಿತ್ತು.

ಅದೇ ಕಟ್ಟಡದಲ್ಲಿ ರೈಲಿನ ಕೆಲಸ ಬಲ್ಲ ತರುಣ ಎಂಜಿನಿಯರರೊಬ್ಬರು ವಾಸವಾಗಿದ್ದರು. ಒಂದು ಸಂಜೆ ಅವರು ತಾವಾಗಿಯೇ ನಮ್ಮ ಚಾಪೆಯ ಮೇಲೆ ಕುಳಿತು ವಿವರಿಸಿದರು. ಹೊಸ ಗಾಡಿ ಬಂದೊಡನೆ ಮೊದಲು ಡಿಪೋದಲ್ಲಿ ನಿಂತಲ್ಲಿಯೇ ಅದರ ವಿದ್ಯುತ್ತು, ಬಾಗಿಲು, ಬ್ರೇಕುಗಳನ್ನು ನೋಡುತ್ತಾರೆ. ಅನಂತರ ನಿಜವಾದ ಹಳಿಯ ಮೇಲೆ ಓಡಿಸುತ್ತಾರೆ. ಈ ಮಾರ್ಗದಲ್ಲಿ ಹಾಗೆ ಓಡಿಸಲು ಆರಂಭಿಸಿದ್ದು 2024ರ ಮಾರ್ಚಿಯಲ್ಲಿ. ಲಖನೌದಲ್ಲಿರುವ ರೈಲ್ವೆಯ ಸಂಶೋಧನ ಸಂಸ್ಥೆಯವರು ಬೋಗಿಗಳಲ್ಲಿ ಅಳತೆಯ ಉಪಕರಣಗಳನ್ನು ಕೂಡಿಸಿ, ಬೇರೆಬೇರೆ ವೇಗದಲ್ಲಿ ತಿರುವುಗಳಲ್ಲಿ ಗಾಡಿ ಎಷ್ಟು ತೂಗಾಡುತ್ತದೆಂದು ಅಳೆಯುತ್ತಾರೆ. ಅದು ಬರಿದಾದ ಗಾಡಿಗೆ ಒಮ್ಮೆ, ತುಂಬಿದ ಗಾಡಿಗೆ ಇನ್ನೊಮ್ಮೆ.

“ತುಂಬಿದ್ದೆಂದರೆ ಯಾರನ್ನ ತುಂಬತಾರ?” ಎಂದು ತಾಯಿಯವರು ಕೇಳಿದರು.

“ಜನರನ್ನಲ್ಲ ಅಜ್ಜಿ. ಜನರ ತೂಕದಷ್ಟು ಮರಳಿನ ಚೀಲ, ಇಲ್ಲವೆ ಅಂಥದೇ ಭಾರ.”

ತಾಯಿಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಂಗಾದರ ಮೊದಲ ಮರಳಿನ ಚೀಲ ಬೀಳಲಿ, ಮನಷಾ ಬೀಳೂದು ಬ್ಯಾಡ ಅಂತ,” ಎಂದರು. ಅವರು ಯಾರನ್ನು ನೆನೆಯುತ್ತಿದ್ದಾರೆಂದು ನಮಗೆ ತಿಳಿದಿತ್ತು.

ಆ ತರುಣರು ಮುಂದುವರಿಸಿ ಹೇಳಿದ ಸಂಗತಿ ನಮಗೆ ಇನ್ನೂ ಹೊಸದು. ಈ ಮಾರ್ಗದ ಗಾಡಿಗಳು ಚಾಲಕನಿಲ್ಲದೆಯೂ ಓಡಬಲ್ಲವಂತೆ. ಗಾಡಿಯು ತಾನು ಎಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂಬುದನ್ನು ಕ್ಷಣಕ್ಷಣಕ್ಕೂ ರೇಡಿಯೋ ಅಲೆಗಳಿಂದ ನಿಯಂತ್ರಣ ಕೇಂದ್ರಕ್ಕೆ ತಿಳಿಸುತ್ತದೆ. ಮುಂದಿನ ಗಾಡಿ ಎಷ್ಟು ದೂರದಲ್ಲಿದೆ ಎಂಬುದನ್ನು ಲೆಕ್ಕ ಹಾಕಿ, ಎಲ್ಲಿಯವರೆಗೆ ಬರಬಹುದೆಂಬ ಅಪ್ಪಣೆ ಅಲ್ಲಿಂದ ಬರುತ್ತದೆ. ಬಾಗಿಲು ಪೂರ್ತಿ ಮುಚ್ಚದಿದ್ದರೆ ಗಾಡಿ ಹೊರಡುವುದೇ ಇಲ್ಲ. ಸೀಮೆನ್ಸ್ ಸಂಸ್ಥೆಯ ಈ ವ್ಯವಸ್ಥೆಯನ್ನು ಗಾಡಿಯೊಂದಿಗೂ ಹಳಿಯೊಂದಿಗೂ ನಿಲ್ದಾಣದೊಂದಿಗೂ ಹೊಂದಿಸಿ ನೋಡುವುದಕ್ಕೇ ಬಹಳ ಕಾಲ ಬೇಕಾಗುತ್ತದೆ. ಗಾಡಿ ಒಂದು ಸಾವಿರ ಸಲ ಸರಿಯಾಗಿ ನಿಂತಿತೆಂದರೆ ಸಾಲದು. ಯಾವುದೋ ಒಂದು ತಂತಿ ಕೆಟ್ಟಾಗಲೂ ಅದು ನಿಲ್ಲುವ ಕಡೆಗೇ ಕೆಡಬೇಕು, ಓಡುವ ಕಡೆಗೆ ಕೆಡಬಾರದು. ಅದಕ್ಕಾಗಿ ಬೇಕೆಂದೇ ಒಂದೊಂದನ್ನೇ ಕೆಡಿಸಿ ನೋಡುತ್ತಾರೆ. ನಡುದಾರಿಯಲ್ಲಿ ಗಕ್ಕನೆ ನಿಂತ ಗಾಡಿಯನ್ನು ಕಂಡು ‘ಕೆಟ್ಟಿತು’ ಎಂದು ನಾವು ನಕ್ಕಿದ್ದೆವು. ಅದು ಕೆಟ್ಟದ್ದಲ್ಲ, ಕಲಿಯುತ್ತಿದ್ದುದು ಎಂದು ಆಗ ತಿಳಿಯಿತು.

ಇಷ್ಟೆಲ್ಲ ಆದ ಮೇಲೂ ಗಾಡಿ ಓಡಿಸುವವರು ತಾವೇ ‘ಸರಿಯಿದೆ’ ಎಂದು ಹೇಳಿಕೊಳ್ಳುವಂತಿಲ್ಲ. ಮೆಟ್ರೊ ರೈಲು ಸುರಕ್ಷತಾ ಆಯುಕ್ತರು ಬಂದು ನೋಡಿ ಪ್ರಮಾಣಪತ್ರ ಕೊಡಬೇಕು. ಆ ಆಯುಕ್ತರು ರೈಲ್ವೆ ಇಲಾಖೆಗೆ ಸೇರಿದವರಲ್ಲ, ಮೆಟ್ರೊ ನಿಗಮಕ್ಕೂ ಸೇರಿದವರಲ್ಲ. ಅವರ ಆಯೋಗ ಇರುವುದು ವಿಮಾನಯಾನ ಸಚಿವಾಲಯದ ಕೆಳಗೆ! ಮೊದಲು ನಮಗೆ ಇದು ವಿಚಿತ್ರವೆನಿಸಿತು. ಆದರೆ ಯೋಚಿಸಿದಾಗ ನಮ್ಮ ಶಾಲೆಯ ನಿಯಮವೇ ನೆನಪಾಯಿತು. ನಮ್ಮ ಹತ್ತನೆಯ ತರಗತಿಯ ಮಕ್ಕಳ ಉತ್ತರಪತ್ರಿಕೆಗಳನ್ನು ನಮಗೇ ತಿದ್ದಲು ಕೊಡುತ್ತಿರಲಿಲ್ಲ. ಕಲಿಸಿದವನ ಕೈಯಲ್ಲಿ ಅಂಕ ಕೊಡುವ ಲೇಖನಿ ಇರಬಾರದೆಂಬುದು ಎರಡೂ ಕಡೆಯ ನೀತಿ.

ಆ ರಾತ್ರಿ ಮಗನೊಡನೆ ಮಾತು ಮತ್ತೆ ಬೆಳೆಯಿತು. ನಾವು ಅವನಿಗೆ ಇಂಗ್ಲೆಂಡಿನ ಹಳೆಯ ಕಥೆಯೊಂದನ್ನು ಹೇಳಿದೆವು. 1829ರ ಅಕ್ಟೋಬರಿನಲ್ಲಿ ರೇನ್‌ಹಿಲ್ ಎಂಬಲ್ಲಿ ಉಗಿ ಎಂಜಿನುಗಳ ಪರೀಕ್ಷೆ ನಡೆಯಿತು. ಸುಮಾರು ಒಂದೂಮುಕ್ಕಾಲು ಮೈಲಿ ಉದ್ದದ ಹಳಿಯ ಮೇಲೆ ಎಂಜಿನುಗಳು ಹಿಂದಕ್ಕೂ ಮುಂದಕ್ಕೂ ಓಡಿ, ಲಿವರ್‌ಪೂಲಿನಿಂದ ಮ್ಯಾಂಚೆಸ್ಟರಿಗೆ ಹೋಗಿಬರುವಷ್ಟು ದೂರವನ್ನು ಕ್ರಮಿಸಿ ತೋರಿಸಬೇಕಾಗಿತ್ತು. ಸ್ಟೀಫನ್‌ಸನ್ನರ ‘ರಾಕೆಟ್’ ಗೆದ್ದಿತು. ಮರುವರ್ಷ ಸಪ್ಟಂಬರ 15ರಂದು ಆ ಮಾರ್ಗದ ಉದ್ಘಾಟನೆ. ಎಂಜಿನು ನೀರು ತುಂಬಿಕೊಳ್ಳಲು ನಿಂತಾಗ ಅತಿಥಿಗಳು ಕೆಳಗಿಳಿದು ಹಳಿಯ ಮೇಲೆಯೇ ಅಡ್ಡಾಡಿದರು. ಪಕ್ಕದ ಹಳಿಯಲ್ಲಿ ‘ರಾಕೆಟ್’ ಬಂತು. ಪಾರ್ಲಿಮೆಂಟಿನ ಸದಸ್ಯ ವಿಲಿಯಂ ಹಸ್ಕಿಸನ್ ಅದಕ್ಕೆ ಸಿಕ್ಕಿ ಅಂದೇ ರಾತ್ರಿ ತೀರಿಕೊಂಡರು. ಯಂತ್ರ ಪರೀಕ್ಷೆಯಲ್ಲಿ ತೇರ್ಗಡೆಯಾಗಿತ್ತು. ಅದರ ಹತ್ತಿರ ಮನುಷ್ಯ ಹೇಗೆ ನಿಲ್ಲಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಯಾರೂ ಪರೀಕ್ಷಿಸಿರಲಿಲ್ಲ.

ಮಗ ಕೇಳಿದ. ಅನಂತರ ಅವನು ಹೇಳಿದ ಮಾತನ್ನು ನಾವು ತಳ್ಳಿಹಾಕಲಾರೆವು. “ಅಪ್ಪಾ, ಪರೀಕ್ಷೆ ಬೇಡವೆಂದು ನಾನೂ ಹೇಳುವುದಿಲ್ಲ. 2023ರ ಜನವರಿಯಲ್ಲಿ ಇದೇ ಊರಿನಲ್ಲಿ, ನಾಗವಾರದ ಹತ್ತಿರ, ಕಟ್ಟುತ್ತಿದ್ದ ಮೆಟ್ರೊ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ ತಾಯಿ, ಮಗು ಸತ್ತರು. ಅವಸರ ಬೇಡ, ನಿಜ. ಆದರೆ ಗಾಡಿ ತರಿಸುವುದರಲ್ಲಿ ವರ್ಷಗಳು ಹೋದವಲ್ಲ, ಅವೂ ಪರೀಕ್ಷೆಯ ಲೆಕ್ಕಕ್ಕೆ ಸೇರುತ್ತವೆಯೆ? ಆ ಕಾಲವನ್ನು ನನ್ನ ಮಗಳಿಗೆ ಯಾರು ಮರಳಿ ಕೊಡುತ್ತಾರೆ?”

ಅವನು ಸರಿಯಾದ ಗೆರೆಯನ್ನೇ ಎಳೆದಿದ್ದ. ಕಾಯುವುದರಲ್ಲಿ ಎರಡು ಬಗೆ. ಬೀಜ ಬಿತ್ತಿದ ಮೇಲೆ ಕಾಯುವುದು ಒಂದು. ಬೀಜ ತರಲು ಹೋದವನು ಮರಳಲಿಲ್ಲವೆಂದು ಕಾಯುವುದು ಇನ್ನೊಂದು. ಮೊದಲನೆಯದನ್ನು ಒಕ್ಕಲಿಗ ಎಂದೂ ದೂರುವುದಿಲ್ಲ. ಎರಡನೆಯದನ್ನು ದೂರದೆ ಇರುವುದೂ ತಪ್ಪು. ನಗರದ ಜನ ಈ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ, ಎಲ್ಲ ಸಿಟ್ಟನ್ನೂ ಕಣ್ಣೆದುರಿಗೆ ಓಡುತ್ತಿದ್ದ ಖಾಲಿ ಗಾಡಿಯ ಮೇಲೆ ಹೊರಿಸಿದ್ದರು. ಪಾಪ, ಆ ಗಾಡಿಯೊಂದೇ ತನ್ನ ಕಾಯಕವನ್ನು ಬಿಡದೆ ಮಾಡುತ್ತಿತ್ತು.

ನಾವು ಊರಿಗೆ ಮರಳಿದ ಮೇಲೆ, ಜುಲೈ ತಿಂಗಳಲ್ಲಿ ಸುರಕ್ಷತಾ ಆಯುಕ್ತರ ತಪಾಸಣೆ ನಡೆಯಿತು. 2025ರ ಆಗಸ್ಟ್ 10ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಹಳದಿ ಮಾರ್ಗವನ್ನು ಉದ್ಘಾಟಿಸಿದರು. ಅದೇ ದಿನ ಬೆಂಗಳೂರಿನಿಂದ ನಮ್ಮ ಬೆಳಗಾವಿಗೆ ವಂದೇ ಭಾರತ್ ಗಾಡಿಗೂ ಹಸಿರು ನಿಶಾನೆ ದೊರೆಯಿತು. ಮೆಟ್ರೊದಲ್ಲಿ ಆರಂಭಕ್ಕೆ ಇದ್ದ ಗಾಡಿಗಳು ಮೂರೇ ಮೂರು, 25 ನಿಮಿಷಕ್ಕೊಂದು. ಚಾಲಕನಿಲ್ಲದೆ ಓಡಬಲ್ಲ ಗಾಡಿಯಾದರೂ ಮೊದಮೊದಲು ಚಾಲಕನನ್ನು ಕೂಡಿಸಿಯೇ ಓಡಿಸಿದರು. ಎತ್ತುಗಳು ದಾರಿ ಬಲ್ಲವೆಂದು ಗೊತ್ತಿದ್ದರೂ ಹೊಸ ಜೋಡಿಯ ಹಗ್ಗವನ್ನು ಮೊದಲ ದಿನವೇ ಯಾರೂ ಸಡಿಲಬಿಡುವುದಿಲ್ಲವಷ್ಟೆ.

ದೀಪಾವಳಿಗೆ ನಾವು ಮತ್ತೆ ಹೋದೆವು, ಬಸ್ಸಿನಲ್ಲಿಯೇ. ಅಷ್ಟರಲ್ಲಿ ಗಾಡಿಗಳ ಸಂಖ್ಯೆ ಸ್ವಲ್ಪ ಏರಿತ್ತು. ಮಗನ ಪ್ರಯಾಣ ಅರ್ಧ ಗಂಟೆಗೆ ಇಳಿದಿತ್ತು. ಸಂಜೆ ಏಳಕ್ಕೆ ಮನೆಯಲ್ಲಿರುತ್ತಿದ್ದ. ಮೊಮ್ಮಗಳು ಮಾಳಿಗೆಯ ಮೇಲೆ ನಿಂತು ಪ್ರತಿಯೊಂದು ಗಾಡಿಗೂ “ಅಪ್ಪ ಬಂದ” ಎಂದು ಕೂಗುತ್ತಿದ್ದಳು.

ಒಂದು ಮಧ್ಯಾಹ್ನ, ದಟ್ಟಣೆ ಕಡಿಮೆಯಿರುವ ಹೊತ್ತಿನಲ್ಲಿ, ಯಾರೂ ಒತ್ತಾಯಿಸದಿದ್ದರೂ ತಾಯಿಯವರು ತಾವಾಗಿಯೇ “ನೋಡೂಣು ನಡೀರಿ” ಎಂದರು. ಲಿಫ್ಟಿನಲ್ಲಿ ಮೇಲೇರಿ ರಾಗಿಗುಡ್ಡದ ನಿಲ್ದಾಣದ ಕಟ್ಟೆಗೆ ಬಂದೆವು. ಕಟ್ಟೆಯ ಅಂಚಿಗೆ ಸಮನಾಗಿ ಹಾಸಿದ ಹಳದಿ ಪಟ್ಟಿಯ ಈಚೆ ಅವರು ನಿಂತರು. ಗಾಡಿ ಬಂದು ನಿಂತಿತು. ಬಾಗಿಲು ತೆರೆಯಿತು. ಅವರು ಒಳಗೆ ನೋಡಲಿಲ್ಲ. ಕಟ್ಟೆಗೂ ಬೋಗಿಗೂ ನಡುವಿನ ಸಂದನ್ನು ನೋಡಿದರು. ಏರಲು ಪಾವಟಿಗೆಯಿರಲಿಲ್ಲ, ಬೋಗಿಯ ನೆಲವೂ ಕಟ್ಟೆಯ ನೆಲವೂ ಒಂದೇ ಮಟ್ಟದಲ್ಲಿದ್ದವು. ಊರುಗೋಲನ್ನು ಮೊದಲು ಆಚೆ ಊರಿ, ಆಮೇಲೆ ಬಲಗಾಲನ್ನು ಇಟ್ಟರು. ಕುಳಿತ ಮೇಲೆ ಬಾಗಿಲು ಮುಚ್ಚಿತು. ಮುಚ್ಚಿದ ಮೇಲೆಯೇ ಗಾಡಿ ಹೊರಟಿತು. ಅದನ್ನೂ ಅವರು ಗಮನಿಸಿದರು.

ಜಯದೇವ ಆಸ್ಪತ್ರೆ, ಬಿ.ಟಿ.ಎಂ. ಬಡಾವಣೆ, ಸಿಲ್ಕ್ ಬೋರ್ಡ್. ಕೆಳಗೆ ವಾಹನಗಳು ಜಾತ್ರೆಯ ತೇರಿನಂತೆ ನಿಂತಿದ್ದವು. ನಾವು ಅವುಗಳ ನೆತ್ತಿಯ ಮೇಲೆ ಸಾಗಿದೆವು. ಬೊಮ್ಮಸಂದ್ರ ಮುಟ್ಟುವವರೆಗೆ ತಾಯಿಯವರು ಮಾತಾಡಲಿಲ್ಲ. ಇಳಿದು ನಿಂತ ಮೇಲೆ, ತೆರೆದ ಬಾಗಿಲನ್ನು ಇನ್ನೊಮ್ಮೆ ತಿರುಗಿ ನೋಡಿ, “ಇಂಥ ಬಾಗಲಾ ಆವಾಗ ಇದ್ದಿದ್ದರ...” ಎಂದು ಅಷ್ಟಕ್ಕೇ ನಿಲ್ಲಿಸಿದರು. ಮನೆಗೆ ಬಂದ ಮೇಲೆ ಊಟದ ಹೊತ್ತಿಗೆ ಕೇಳಿದರು: “ಬೆಳಗಾವಿಗೆ ಹೋಗೂ ಆ ಹೊಸ ಗಾಡೀ ಬಾಗಲಾನೂ ಹಿಂಗ ಮುಚ್ಚತಾವೇನು?” ಹೌದೆಂದೆವು. ಮುಂದೆ ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಮ್ಮ ಸೀಮೆಯಲ್ಲಿಯೂ ಕಾಯುತ್ತಿರುವ ಹಾದಿಯೊಂದಿದೆ. ಬಾಗಲಕೋಟೆಯಿಂದ ಕುಡಚಿಯವರೆಗಿನ 142 ಕಿಲೋಮೀಟರ್ ರೈಲುಹಾದಿಗೆ ಮಂಜೂರಾತಿ ದೊರೆತು ಒಂದೂವರೆ ದಶಕವೇ ಆಗುತ್ತ ಬಂತು. ಬಾಗಲಕೋಟೆಯ ಕಡೆಯಿಂದ ಹಳಿ ಮೆಲ್ಲಮೆಲ್ಲನೆ ಬರುತ್ತಿದೆ. ನಾವು ಇದನ್ನು ಬರೆಯುವ ಹೊತ್ತಿಗೆ ಕುಡಚಿಯನ್ನು ಇನ್ನೂ ಮುಟ್ಟಿಲ್ಲ. ಆ ತಡವನ್ನು ಕುರಿತು ಕೇಳಬೇಕಾದ ಪ್ರಶ್ನೆಗಳನ್ನು ನಾವು ಕೇಳುತ್ತಲೇ ಇರಬೇಕು. ಆದರೆ ಒಂದು ದಿನ ಮೂಡಲಿಂದ ಒಂಟಿ ಎಂಜಿನೊಂದು ಮೆಲ್ಲಗೆ ಬಂದು, ಹೋಗಿ, ಮತ್ತೆ ಬಂದು, ನಡುಹೊಲದಲ್ಲಿ ಗಕ್ಕನೆ ನಿಂತಾಗ, ಓದುಗ ಬಂಧುಗಳೆ, ‘ಇನ್ನೂ ಯಾಕೆ ಹತ್ತಿಸಿಕೊಳ್ಳುವುದಿಲ್ಲ’ ಎಂದು ಗದ್ದಲ ಮಾಡದಿರೋಣ. ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಹೋಗಿ ಏರಿಯ ಮೇಲೆ ನಿಂತು ನೋಡೋಣ. ತಾಯಿಯವರು ಬರುತ್ತೇವೆಂದು ಈಗಲೇ ಹೇಳಿದ್ದಾರೆ.